ಸ್ಪಿಟ್‌ಫೈರ್‌ಗೆ ಯಾವ ಬಣ್ಣ ಅಂತ ಕೇಳಬೇಡಿ, ಯಾವ ತಿಂಗಳು ಅಂತ ಕೇಳಿ

ಈಗಷ್ಟೇ ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್‌ನ ಒಂದು ಮಾಡೆಲ್‌ನ ಫೋಟೋ ನೋಡಿದೆ. ಮಾರ್ಕ್ 1, 1/48 ಸ್ಕೇಲ್. ಕೆಲಸ ಬಹಳ ಅಚ್ಚುಕಟ್ಟು. ಜೋಡಣೆಯ ಗೆರೆ ಎಲ್ಲೂ ಕಾಣುವುದಿಲ್ಲ, ಡಿಕಾಲ್‌ನ (ಮೇಲೆ ಅಂಟಿಸುವ ಗುರುತುಗಳ) ಅಂಚೂ ಹೊಳೆಯುವುದಿಲ್ಲ. ಜೊತೆಗೆ 'ಬ್ಯಾಟಲ್ ಆಫ್ ಬ್ರಿಟನ್, ಆಗಸ್ಟ್ 1940' ಅಂತ ಬರೆದಿದ್ದಾರೆ. ಆದರೆ ಬೆನ್ನಿಗೆ ಹಸಿರು ಮತ್ತು ಬೂದು, ಹೊಟ್ಟೆಗೆ ಬೂದು, ರೆಕ್ಕೆಯ ಮುಂದಿನ ಅಂಚಿಗೆ ಹಳದಿ, ಬಾಲದ ಹತ್ತಿರ ತಿಳಿಹಸಿರು ಪಟ್ಟಿ! ಇದು ಆಗಸ್ಟ್ 1941ರ ನಂತರದ ವೇಷ. ಇಷ್ಟು ಚೆನ್ನಾಗಿ ಕಟ್ಟುವ ಕೈಗೆ ಯಾರೂ ಈ ಒಂದು ಮಾತು ಹೇಳಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ತಪ್ಪಿನ ಮೂಲ ಒಂದೇ. ಎಲ್ಲರೂ 'ಸ್ಪಿಟ್‌ಫೈರ್‌ಗೆ ಯಾವ ಬಣ್ಣ?' ಅಂತ ಕೇಳಿ ನೇರ ಬಾಟಲಿ ಕೊಳ್ಳಲು ಹೋಗುತ್ತಾರೆ. ಮೊದಲು ತಾರೀಖು ಗೊತ್ತಾಗಬೇಕು. ಬಾಟಲಿ ಆಮೇಲೆ.

ಯುದ್ಧ ಶುರುವಾದಾಗ ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ ಫೈಟರ್‌ಗಳ ಬೆನ್ನು ಡಾರ್ಕ್ ಅರ್ತ್ ಮತ್ತು ಡಾರ್ಕ್ ಗ್ರೀನ್, ಅಂದರೆ ಕಂದು ಮತ್ತು ಹಸಿರು. ಕೆಳಗೆ ಎಡ ರೆಕ್ಕೆ ಕಪ್ಪು, ಬಲ ರೆಕ್ಕೆ ಬಿಳಿ. ಜೂನ್ 1940ರಲ್ಲಿ ಹೊಟ್ಟೆಗೆಲ್ಲ 'ಸ್ಕೈ' ಎಂಬ ತಿಳಿಹಸಿರು ಬಳಿಯಿರಿ ಅಂತ ಆದೇಶ ಬಂತು. ಅಷ್ಟು ಬಣ್ಣ ಕೂಡಲೇ ಎಲ್ಲ ಕಡೆ ಸಿಗಲಿಲ್ಲ. ಹಾಗಾಗಿ ಆ ಬೇಸಿಗೆಯ ವಿಮಾನಗಳ ಹೊಟ್ಟೆಯಲ್ಲಿ ತಿಳಿನೀಲಿ, ತಿಳಿಹಸಿರು ಎರಡೂ ಕಾಣಸಿಗುತ್ತವೆ. ನವೆಂಬರ್ 1940ರ ಕೊನೆಗೆ ಸ್ಪಿನ್ನರ್‌ಗೆ (ಪ್ರೊಪೆಲರ್ ನಡುವಿನ ಚೂಪು ಮೂತಿಗೆ) ಸ್ಕೈ, ಬಾಲದ ಮುಂದೆ 18 ಇಂಚಿನ ಸ್ಕೈ ಪಟ್ಟಿ, ಎಡ ರೆಕ್ಕೆಯ ಕೆಳಗೆ ಮತ್ತೆ ಕಪ್ಪು. ಈ ಕಪ್ಪು ಏಪ್ರಿಲ್ 1941ರಲ್ಲಿ ಹೋಯಿತು. ಆಗಸ್ಟ್‌ನಲ್ಲಿ ಕಂದು ಹೋಗಿ ಓಷನ್ ಗ್ರೇ ಎಂಬ ನೀಲಿಬೂದು ಬಂತು, ಹೊಟ್ಟೆ ಮೀಡಿಯಂ ಸೀ ಗ್ರೇ ಆಯಿತು.

ಓಷನ್ ಗ್ರೇ ಕೈಗೆ ಸಿಗುವವರೆಗೆ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು 'ನೈಟ್' ಎಂಬ ಕಪ್ಪು ಬೆರೆಸಿಕೊಳ್ಳಿ ಅಂತ ಸ್ಕ್ವಾಡ್ರನ್‌ಗಳಿಗೆ ಹೇಳಿದ್ದರು. 1941ರ ಕೊನೆಯ ವಿಮಾನ ಮಾಡುವವರು ಈ ಮಿಶ್ರಣವನ್ನು ತಾವೂ ಮಾಡಿ ನೋಡಬೇಕು. ಆದರೆ ಹನಿ ಎಣಿಸಿ ಏಳಕ್ಕೆ ಒಂದು ಹಾಕಿದರೆ ಕೆಡುತ್ತದೆ, ಮಾಡೆಲ್ ಬಣ್ಣದ ಕಪ್ಪು ಬಹಳ ಪ್ರಬಲ. ಅರ್ಧ ಹನಿಯಿಂದ ಶುರುಮಾಡಿ, ಟೂತ್‌ಪಿಕ್ ತುದಿಯಿಂದ ಸ್ವಲ್ಪಸ್ವಲ್ಪವೇ ಸೇರಿಸಿ. ಅಸಲಿ ನೈಟ್ ಬಣ್ಣದಲ್ಲಿ ನೀಲಿಯ ಅಂಶವೂ ಇತ್ತು, ಅಚ್ಚ ಕಪ್ಪಲ್ಲ.

'ಬಿಸಿಲಿಗೆ ಮಾಸುತ್ತಿತ್ತು, ಬ್ಯಾಚ್‌ಗೊಂದು ಛಾಯೆ ಬರುತ್ತಿತ್ತು, ಅಂದಿನ ಬಣ್ಣ ಕಂಡವರು ಯಾರು?' ಅನ್ನುವ ವಾದ ಇದೆ. ಮಾಸುತ್ತಿತ್ತು, ನಿಜ. ಆದರೆ ಮಾಸಿದ ಕಂದು ತಿಳಿಗಂದು ಆಗುತ್ತದೆಯೇ ಹೊರತು ನೀಲಿಬೂದು ಆಗುವುದಿಲ್ಲ. ಛಾಯೆಯ ಬಗ್ಗೆ ಜಗಳವಾಡಲು ಜಾಗ ಇದೆ, ಯಾವ ಬಣ್ಣ ಅನ್ನುವುದರ ಬಗ್ಗೆ ಇಲ್ಲ.

ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಊಹಿಸುವವರೂ ಹುಷಾರಾಗಿರಬೇಕು. ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ, ಹಳದಿ ಕಪ್ಪಾಗಿ ಬರುತ್ತದೆ, ನೀಲಿ ಬಿಳುಚುತ್ತದೆ. ರೌಂಡಲ್‌ನ (ವಿಮಾನದ ಮೇಲಿನ ದುಂಡು ಗುರುತಿನ) ಹೊರಗಿನ ಹಳದಿ ಉಂಗುರ ಇಂಥ ಫೋಟೋದಲ್ಲಿ ಕಡುಬಣ್ಣದ್ದಾಗಿ ಕಾಣುವುದು ಅದಕ್ಕೇ. ಕಂಪ್ಯೂಟರ್ ಬಣ್ಣ ತುಂಬಿದ ಫೋಟೋಗಳನ್ನಂತೂ ನಂಬಲೇಬೇಡಿ. ಮ್ಯೂಸಿಯಂ ವಿಮಾನಗಳೂ ಹಲವು ಸಲ ಹೊಸ ಪೇಂಟ್ ಕಂಡಿರುತ್ತವೆ.

ಆಧಾರ ಬೇಕಾದರೆ ಬ್ರಿಟಿಷ್ ಬಣ್ಣಪಟ್ಟಿಯಾದ ಇಂದಿನ ಬಿಎಸ್ 381ಸಿಯ ನಂಬರ್ ಹಿಡಿಯಿರಿ: ಡಾರ್ಕ್ ಅರ್ತ್ 450, ಡಾರ್ಕ್ ಗ್ರೀನ್ 641, ಸ್ಕೈ 210, ಓಷನ್ ಗ್ರೇ 629, ಮೀಡಿಯಂ ಸೀ ಗ್ರೇ 637. ಮಿಸ್ಟರ್ ಕಲರ್ ಎಂಬ ಮಾಡೆಲ್ ಬಣ್ಣದ ಬ್ರಾಂಡ್‌ನಲ್ಲಾದರೆ 369, 361, 368, 362, 363, ಇದೇ ಕ್ರಮದಲ್ಲಿ. ಸರಿಯಾದ ಬಾಟಲಿ ತಂದ ಮೇಲೂ ಕೆಡಬಹುದು. ಸ್ಕೈ ಬಣ್ಣವನ್ನು ಕಡುಬೂದು ಪ್ರೈಮರ್ ಮೇಲೆ ತೆಳ್ಳಗೆ ಹೊಡೆದರೆ ಮಂಕಾಗುತ್ತದೆ, ಬಿಳಿ ಅಥವಾ ತಿಳಿಬೂದು ಪ್ರೈಮರ್ ಬೇಕು. ಡಿಕಾಲ್‌ಗೆಂದು ಹೊಳಪಿನ (ಗ್ಲಾಸ್) ವಾರ್ನಿಷ್ ಹೊಡೆದಾಗ ಬಣ್ಣ ಗಾಢವಾಗುತ್ತದೆ, ಹೊಳಪಿಲ್ಲದ ಮ್ಯಾಟ್ ಹೊಡೆದಾಗ ಮತ್ತೆ ತಿಳಿಯಾಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಚಮಚದ ಮೇಲೆ ಪ್ರೈಮರ್‌ನಿಂದ ಮ್ಯಾಟ್ ವಾರ್ನಿಷ್‌ವರೆಗೆ ಎಲ್ಲ ಪದರ ಹಾಕಿ, ಒಣಗಿದ ಮೇಲೆ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಹಗಲಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡ ಎರಡು ಸ್ಕೈ, ಹಗಲಲ್ಲಿ ಒಂದು ಹಳದಿಗೆ, ಇನ್ನೊಂದು ನೀಲಿಗೆ ತಿರುಗಿಬಿಡುತ್ತವೆ.

ತಾರೀಖಿನ ಜೊತೆ ಜಾಗವನ್ನೂ ಕೇಳಬೇಕು. ಬರ್ಮಾ ಗಡಿಯಲ್ಲಿ ನಮ್ಮ ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ ಹಾರಿಸಿದ ಸ್ಪಿಟ್‌ಫೈರ್ ಮಾರ್ಕ್ 8 ಮಾಡಿ ರೌಂಡಲ್ ನಡುವೆ ಕೆಂಪು ಇಟ್ಟರೆ ಅಷ್ಟೂ ಶ್ರಮ ನೀರಿಗೆ ಹೋದಂತೆ. ಜಪಾನೀಯರ ಕೆಂಪು ಸೂರ್ಯನ ಗುರುತು ಅಂತ ತಪ್ಪು ತಿಳಿದು ನಮ್ಮವರೇ ಗುಂಡು ಹಾರಿಸಬಾರದು ಅಂತ ಅಲ್ಲಿ ಆ ಕೆಂಪನ್ನು ತೆಗೆದೇಬಿಟ್ಟಿದ್ದರು.

ಆ ಮಾಡೆಲ್ ಕಟ್ಟಿದವರು ಇದನ್ನು ಓದುತ್ತಿದ್ದರೆ, ಎಲ್ಲ ಕಿತ್ತುಹಾಕಬೇಕಿಲ್ಲ. ಎರಡೂ ವೇಷಗಳಲ್ಲಿ ಹಸಿರು ಅದೇ ಹಸಿರು, ಅಲೆಯಾಕಾರದ ಪ್ಯಾಟರ್ನೂ ಅದೇ. ಹಸಿರನ್ನೂ ಡಿಕಾಲ್‌ಗಳನ್ನೂ ಕಡಿಮೆ ಅಂಟಿನ ಟೇಪ್‌ನಿಂದ ಮುಚ್ಚಿ, ಬೂದು ಇದ್ದಲ್ಲಿ ಮಾತ್ರ ಡಾರ್ಕ್ ಅರ್ತ್ ಹೊಡೆಯಿರಿ. ಬಾಲದ ಪಟ್ಟಿಯ ಮೇಲೂ ಪ್ಯಾಟರ್ನ್ ಮುಂದುವರಿಸಿ. 1/48ರಲ್ಲಿ ಅದು ಬರೀ 9.5 ಮಿ.ಮೀ. ಹಳದಿ ಅಂಚನ್ನೂ ಬಣ್ಣ ಹೊಡೆದು ಮರೆಮಾಡಿ, ಸ್ಪಿನ್ನರ್ ಕಪ್ಪು ಮಾಡಿ. ಹೊಟ್ಟೆಗೆ ಸ್ಕೈ ಹೊಡೆಯುವ ಮೊದಲು ರೆಕ್ಕೆಯ ಕೆಳಗಿನ ರೌಂಡಲ್‌ಗಳನ್ನು ಟೇಪ್ ಅಂಟಿಸಿ ಎಳೆದು ತೆಗೆಯಿರಿ, ಅವಕ್ಕೆ ಮಾತ್ರ ಹೊಸ ಡಿಕಾಲ್ ಬೇಕಾಗುತ್ತದೆ. ಸ್ಕ್ವಾಡ್ರನ್ ಅಕ್ಷರಗಳು ಬೂದು ಬಣ್ಣದಲ್ಲೇ ಇವೆ, ಅವನ್ನು ಮುಟ್ಟಬೇಡಿ, ಆಗಸ್ಟ್ 1940ಕ್ಕೆ ಅವು ಸರಿಯಾಗಿಯೇ ಇವೆ.