ಮೋಡದ ತೂಕ 28 ಕಿಲೋ

ನಾನು ಕ್ಲೌಡ್‌ನಲ್ಲಿ ಕೆಲಸ ಮಾಡ್ತೀನಿ ಅಂದರೆ ಈಗೀಗ ಯಾರೂ ನಂಬುವುದಿಲ್ಲ. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದೆ. ಬಲ ಮುಂಗೈ ಮೇಲೆ ಉದ್ದಕ್ಕೆ ಒಂದು ಗೀರು. ಸೊಂಟಕ್ಕೆ ಬೆಲ್ಟ್. "ಕ್ಲೌಡ್ ಅಂದ್ರೆ ಕೂತು ಮಾಡೋ ಕೆಲಸ ಅಲ್ವಾ?" ಅಂತ ಸೊಂಟ ನೋಡಿದ ಡಾಕ್ಟರು ಕೇಳಿದರು. ಹೌದು ಡಾಕ್ಟ್ರೇ, ಆದರೆ ಆ ಮೋಡವನ್ನು ನೀವು ಒಂದು ಸಲ ಎತ್ತಿ ನೋಡಬೇಕು. ಡಿಸ್ಕ್ ತುಂಬಿದ ಒಂದು ಸರ್ವರ್, ಅಂದರೆ ಆ ಮೋಡದ ಹಿಂದಿರುವ ಕಂಪ್ಯೂಟರ್, 28 ಕಿಲೋ ತೂಗುತ್ತೆ, ಅದಕ್ಕೆ ಹಿಡಿಯೋಕೆ ಒಂದು ಹಿಡಿಕೆ ಕೂಡ ಇರೋಲ್ಲ.

ನಮ್ಮದು ಸಣ್ಣ ಹೋಸ್ಟಿಂಗ್ ಕಂಪನಿ. ದೊಡ್ಡ ಡೇಟಾ ಸೆಂಟರ್ ಒಂದರಲ್ಲಿ ಜಾಗ ಬಾಡಿಗೆಗೆ ತಗೊಂಡು, ಅಲ್ಲಿ ಸರ್ವರ್ ಇಟ್ಟು, ಆ ಸರ್ವರ್‌ಗಳನ್ನು ತುಂಡು ತುಂಡು ಮಾಡಿ ಗ್ರಾಹಕರಿಗೆ ಬಾಡಿಗೆಗೆ ಕೊಡ್ತೀವಿ. ಅವರಲ್ಲಿ ಕೆಲವರು ಅದನ್ನು ಇನ್ನೂ ಸಣ್ಣ ತುಂಡು ಮಾಡಿ ಮತ್ತೊಬ್ಬರಿಗೆ ಕೊಡ್ತಾರೆ. ಹೀಗೆ ಬಾಡಿಗೆ ಮೇಲೆ ಬಾಡಿಗೆ ಏರಿ ಎಲ್ಲೋ ಮೇಲೆ ಅದು ಮೋಡ ಆಗುತ್ತೆ. ಎಲ್ಲರ ಕೆಳಗೆ ನಾನು ಇರ್ತೀನಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು.

ಕಟ್ಟಡದವರು ಒಂದು ದಿನ ಮೇಲ್ ಕಳಿಸಿದರು. ಹಳೇ ಹಾಲ್ ಮುಚ್ಚುತ್ತೇವೆ, ನಿಮ್ಮ ಯಂತ್ರಗಳನ್ನು ಎರಡನೇ ಮಹಡಿಯಿಂದ ಕೆಳಗಿನ ಹೊಸ ಹಾಲ್‌ಗೆ ಸಾಗಿಸಿ ಅಂತ. ಒಟ್ಟು 11 ಸರ್ವರ್. ನಡೆದರೆ ನಾಲ್ಕು ನಿಮಿಷದ ದಾರಿ. "ಒಂದು ರಾತ್ರಿ ಸಾಕು" ಅಂತ ಮೀಟಿಂಗಿನಲ್ಲಿ ಹೇಳಿದ ಮಹಾನುಭಾವ ನಾನೇ.

ಒಂದು ರಾತ್ರಿ ಅಂದದ್ದು ಒಂದು ವಾರವಾಯ್ತು, ಆದರೂ ಹತ್ತು ಸರ್ವರ್‌ಗಳ ವಿಷಯದಲ್ಲಿ ದಾರಿ ಸುಲಭದ್ದೇ ಇತ್ತು. ಅವುಗಳ ಮೇಲೆ ಇದ್ದದ್ದೆಲ್ಲ ವರ್ಚುವಲ್ ಮಷೀನ್, ಅಂದರೆ ನಿಜವಾದ ಯಂತ್ರದೊಳಗೆ ಸಂಸಾರ ಹೂಡಿರುವ ಸುಳ್ಳು ಯಂತ್ರಗಳು. ಅವುಗಳನ್ನು ಓಡುತ್ತಿರುವಾಗಲೇ ಸಾಗಿಸಬಹುದು. ಮೆಮೊರಿಯನ್ನು ಪುಟ ಪುಟವಾಗಿ ಆ ಕಡೆಗೆ ನಕಲು ಮಾಡ್ತಾ ಹೋಗುತ್ತೆ, ಅಷ್ಟರಲ್ಲಿ ಈ ಕಡೆ ಬದಲಾದ ಪುಟಗಳನ್ನು ಇನ್ನೊಂದು ಸಲ ನಕಲು ಮಾಡುತ್ತೆ, ಕೊನೆಗೆ ಉಳಿದ ಒಂದಿಷ್ಟಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಉಸಿರು ಹಿಡಿದು, ಆ ಕಡೆ ಎದ್ದು, "ನಾನೀಗ ಇಲ್ಲಿದ್ದೀನಿ ಕಣ್ರಪ್ಪಾ" ಅಂತ ನೆಟ್‌ವರ್ಕ್ ಸ್ವಿಚ್‌ಗಳಿಗೆ ಒಂದು ಕೂಗು ಹಾಕುತ್ತೆ. 2005ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಕ್ವೇಕ್ 3 ಆಟದ ಸರ್ವರನ್ನು, ಆಡುವವರು ಆಡುತ್ತಿರುವಾಗಲೇ, ಒಂದು ಯಂತ್ರದಿಂದ ಇನ್ನೊಂದಕ್ಕೆ ಹೀಗೆ ದಾಟಿಸಿ ತೋರಿಸಿದ್ದರು. ಆಟ ನಿಂತದ್ದು ಸುಮಾರು 60 ಮಿಲಿಸೆಕೆಂಡ್.

ಹಾಗಾಗಿ ಆ ವಾರವಿಡೀ ನಾವು ಒಂದು ಸರ್ವರ್ ಖಾಲಿ ಮಾಡುವುದು, ಕೆಳಗೆ ಒಯ್ಯುವುದು, ತಂತಿ ಸಿಕ್ಕಿಸುವುದು, ಅದರ ಮೇಲೆ ಮುಂದಿನದ್ದರ ಸಂಸಾರ ತುಂಬುವುದು, ಹೀಗೇ ಒಂಬತ್ತು ಮುಗಿಸಿದೆವು. ಯಾರಿಗೂ ಗೊತ್ತೇ ಆಗಲಿಲ್ಲ. ನಮ್ಮ ಕೆಲಸದಲ್ಲಿ ಯಾರಿಗೂ ಗೊತ್ತಾಗದಿದ್ದರೆ ಅದೇ ಚಪ್ಪಾಳೆ. ಹತ್ತನೆಯದು ಭಾನುವಾರಕ್ಕೆ ಅಂತ ಇಟ್ಟುಕೊಂಡಿದ್ದೆವು, 14 ಗ್ರಾಹಕರ ಮಷೀನ್ ಅದರ ಮೇಲಿದ್ದವು.

ಉಳಿದದ್ದು ಹನ್ನೊಂದನೆಯದು. ಅಜ್ಜ.

ಅಜ್ಜ ವರ್ಚುವಲ್ ಅಲ್ಲ, ಅಪ್ಪಟ ಕಬ್ಬಿಣ. ಎಲ್ಲ ಬಿಲ್ಲಿಂಗ್ ಲೆಕ್ಕ ಅವನ ಹೊಟ್ಟೆಯಲ್ಲಿ. ಅವನು 1,137 ದಿನದಿಂದ ಒಮ್ಮೆಯೂ ಆಫ್ ಆಗಿರಲಿಲ್ಲ. ಆ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದೆ, ದಿನಾ ಬೆಳಿಗ್ಗೆ ತಿದ್ದುತ್ತಿದ್ದೆ. ಹೊಸಬರು ಬಂದರೆ ಅದರ ಮುಂದೆ ನಿಲ್ಲಿಸಿಕೊಂಡು ಪಾಠ ಬೇರೆ. ಹಳೇ ಲಿನಕ್ಸ್‌ನಲ್ಲಿ ಈ ಎಣಿಕೆ 497 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತಿತ್ತು ಕಣಪ್ಪಾ, ಸೆಕೆಂಡಿಗೆ ನೂರರಂತೆ ಎಣಿಸುವ 32 ಬಿಟ್‌ನ ಡಬ್ಬಿ ಅಷ್ಟು ಹೊತ್ತಿಗೆ ತುಂಬಿಹೋಗುತ್ತಿತ್ತು, ವಿಂಡೋಸ್ 95ಕ್ಕೆ ಇದೇ ಥರದ ರೋಗ 49.7 ದಿನಕ್ಕೇ ಬಂದು ಕಂಪ್ಯೂಟರೇ ನಿಂತುಬಿಡುತ್ತಿತ್ತು, ಆದರೆ ಅಷ್ಟು ದಿನ ಅದನ್ನು ಆಫ್ ಮಾಡದೆ ಓಡಿಸಿದವರೇ ಕಮ್ಮಿ, ಅದಕ್ಕೆ ಎಷ್ಟೋ ವರ್ಷ ಯಾರಿಗೂ ಗೊತ್ತಾಗಲಿಲ್ಲ ಅಂತೆಲ್ಲ ಕೊರೆಯುತ್ತಿದ್ದೆ. ಇಷ್ಟು ದಿನ ಆಫ್ ಆಗಿಲ್ಲ ಅಂದರೆ, ಆಫ್ ಮಾಡಿದರೆ ಏಳುತ್ತಾ ಅನ್ನೋದು ಯಾರಿಗೂ ಗೊತ್ತಿಲ್ಲ ಅಂತಲೂ ಅರ್ಥ. ಅದು ನನಗೆ ಹೊಳೆದಿರಲಿಲ್ಲ.

ಅಜ್ಜನ ಡೇಟಾವನ್ನು ನೆಟ್‌ವರ್ಕ್ ಮೇಲೆ ಹೊಸ ಸರ್ವರ್‌ಗೆ ಕಳಿಸೋಣ ಅಂತ ಮೊದಲು ಲೆಕ್ಕ ಹಾಕಿದೆವು. 8 ಟೆರಾಬೈಟ್, ಒಂದು ಗಿಗಾಬಿಟ್‌ನ ತಂತಿ. ಪೂರ್ತಿ ವೇಗದಲ್ಲಿ ಓಡಿದರೂ ಸುಮಾರು 18 ಗಂಟೆ. ಟ್ರಾಲಿಯಲ್ಲಿಟ್ಟು ತಳ್ಳಿದರೆ ಅದೇ 8 ಟೆರಾಬೈಟ್ ನಾಲ್ಕು ನಿಮಿಷದಲ್ಲಿ ಕೆಳಗಿರುತ್ತೆ. ಟ್ರಾಲಿ ಗೆದ್ದಿತು.

ಶನಿವಾರ ರಾತ್ರಿ 11. ನಾನು ಮತ್ತು ನಮ್ಮ ಜೂನಿಯರ್ ಹುಡುಗ. ಲ್ಯಾಪ್‌ಟಾಪಿನಿಂದ ಅಜ್ಜನಿಗೆ ಮಲಗು ಅಂತ ಕಮಾಂಡ್ ಕೊಟ್ಟೆ. ಹುಡುಕಲು ಸುಲಭ ಆಗಲಿ ಅಂತ ಅವನ ನೀಲಿ ದೀಪ ಹೊತ್ತಿಸಿದೆ. ಸರ್ವರ್‌ಗಳಿಗೆ ಅಂಥದ್ದೊಂದು ದೀಪ ಇರುತ್ತೆ, ಒಂದೇ ಥರದ ಹತ್ತು ಡಬ್ಬಿಗಳ ನಡುವೆ "ನಾನೇ" ಅಂತ ಕೈ ಎತ್ತೋಕೆ. ಕಿವಿಗೆ ಪ್ಲಗ್ ಹಾಕಿಕೊಂಡು ಹಿಂಬದಿಗೆ ಹೋದೆ. ಅಲ್ಲಿ ಬಿಸಿಗಾಳಿ, ಫ್ಯಾನುಗಳ ಕಿರುಚಾಟ. ಮುಂದೆ ನಿಂತ ಹುಡುಗ ಬಾಯಿ ಆಡಿಸಿದ್ದು ತಂತಿಗಳ ಸಂದಿಯಲ್ಲಿ ಕಂಡಿತೇ ಹೊರತು ಒಂದಕ್ಷರ ಕೇಳಲಿಲ್ಲ.

ಅಜ್ಜ 12ನೇ ಮನೆಯಲ್ಲಿದ್ದಾನೆ ಅಂತ ಚೀಟಿಯಲ್ಲಿತ್ತು. ರ‍್ಯಾಕ್, ಅಂದರೆ ಸರ್ವರ್ ಜೋಡಿಸುವ ಕಪಾಟಿನಲ್ಲಿ, 42 ಮನೆ. ಒಂದೊಂದು ಒಂದೂಮುಕ್ಕಾಲು ಇಂಚು ಎತ್ತರ. ಮೇಲಿನಿಂದ ಎಣಿಸಿದೆ. ಹನ್ನೆರಡು. ಅಲ್ಲೇ ನೀಲಿ ದೀಪ ಮಿಣುಕುತ್ತಿತ್ತು. ಇನ್ನೇನು ಬೇಕು? ಪವರ್ ತಂತಿ ಹಿಡಿದು ಎಳೆದೆ.

ಡೇಟಾ ಸೆಂಟರಿನಲ್ಲಿ ಸದ್ದಿಗೆ ಯಾರೂ ಹೆದರೋಲ್ಲ. ಸದ್ದು ಒಂಚೂರು ಕಮ್ಮಿ ಆದರೆ ಎದೆ ಧಸಕ್ ಅನ್ನುತ್ತೆ. ನನ್ನ ಮೂಗಿನ ಮುಂದಿನ ಫ್ಯಾನುಗಳು ಉಸ್ಸಪ್ಪಾ ಅಂತ ನಿಧಾನಕ್ಕೆ ನಿಂತವು. ಮಲಗಿಸಿದ ಅಜ್ಜನ ಫ್ಯಾನು ಅಲ್ಲಿಯವರೆಗೆ ಯಾಕೆ ತಿರುಗುತ್ತಿತ್ತು ಅಂತ ಆಗ ಯೋಚನೆ ಬಂತು. ರ‍್ಯಾಕ್‌ನ ಮನೆಗಳನ್ನು ಕೆಳಗಿನಿಂದ ಎಣಿಸಬೇಕು. ಇದು ನನಗೆ ಗೊತ್ತು. ನಾನೇ ಹುಡುಗನಿಗೆ ಹೇಳಿಕೊಟ್ಟಿದ್ದೇನೆ. ಮೇಲಿನಿಂದ ಹನ್ನೆರಡು ಅಂದರೆ ಕೆಳಗಿನಿಂದ 31, ಅಲ್ಲಿದ್ದದ್ದು ಭಾನುವಾರಕ್ಕೆ ಇಟ್ಟುಕೊಂಡಿದ್ದ ಹತ್ತನೆಯ ಸರ್ವರ್. ಅದರ ನೀಲಿ ದೀಪವನ್ನು ಯಾವ ತಿಂಗಳಲ್ಲೋ ಯಾರೋ ಹೊತ್ತಿಸಿ ಆರಿಸೋದನ್ನು ಮರೆತಿದ್ದರು.

ಆದರೂ ಏನೂ ಆಗಬಾರದಿತ್ತು. ಪ್ರತಿ ಸರ್ವರ್‌ಗೂ ಎರಡು ಪವರ್ ಸಪ್ಲೈ ಇರೋದು ನನ್ನಂಥವರು ಇದ್ದಾರೆ ಅಂತಲೇ. ಒಂದು ಕಿತ್ತರೆ ಇನ್ನೊಂದು ಎಳೆದುಕೊಂಡು ಹೋಗಬೇಕು. ಬಗ್ಗಿ ನೋಡಿದೆ. ಇನ್ನೊಂದು ಸತ್ತು ಯಾವ ಕಾಲವಾಗಿತ್ತೋ, ಅದರ ಹಳದಿ ದೀಪದ ಮೇಲೆ ಧೂಳು ಕೂತಿತ್ತು.

ಹದಿನಾಲ್ಕೂ ಗ್ರಾಹಕರ ಮಷೀನ್ ಕೆಳಗಿನ ಹೊಸ ಹಾಲ್‌ನ ಸರ್ವರ್‌ಗಳ ಮೇಲೆ ತಾವಾಗಿಯೇ ಮರುಹುಟ್ಟು ಪಡೆದವು, ಅದಕ್ಕೆ ನಾಲ್ಕೈದು ನಿಮಿಷ ಆಯ್ತು. ನನ್ನ ಫೋನ್ ಬಡಿದುಕೊಳ್ಳಲು ಒಂದೇ ನಿಮಿಷ ಸಾಕಾಯ್ತು. "ಸುಮ್ನೆ ಒಂದು ಚೆಕ್ ಮಾಡ್ತಿದ್ವಿ ಸರ್" ಅಂದೆ. ಒಂದರ್ಥದಲ್ಲಿ ಸುಳ್ಳಲ್ಲ, ಎರಡನೇ ಪವರ್ ಸಪ್ಲೈ ಕೆಲಸ ಮಾಡೋಲ್ಲ ಅನ್ನೋದು ಚೆಕ್ ಆಗಿತ್ತು.

ಆಮೇಲೆ ಅಜ್ಜನ ಮೆರವಣಿಗೆ. ಲಿಫ್ಟಿನ ಹೊಸ್ತಿಲ ಸಂದಿಗೆ ಟ್ರಾಲಿಯ ಮುಂದಿನ ಚಕ್ರ ಸಿಕ್ಕಿ, ಬಾಗಿಲು ಮುಚ್ಚಲು ಬಂದು, ನಾವಿಬ್ಬರೂ ಆ 28 ಕಿಲೋವನ್ನು ಎರಡೂ ಕಡೆಯಿಂದ ಅಪ್ಪಿಕೊಂಡು ನಿಂತೆವು. ಸೊಂಟ ಹೋದದ್ದು ಅಲ್ಲೇ. ಹೊಸ ರ‍್ಯಾಕ್‌ನಲ್ಲಿ ಚೌಕದ ತೂತುಗಳಿಗೆ ಸ್ಪ್ರಿಂಗ್ ತಗಡಿನ ಪುಟ್ಟ ನಟ್ ಸಿಕ್ಕಿಸಬೇಕು, ಹೆಬ್ಬೆರಳಲ್ಲಿ ಒತ್ತಬೇಕು, ಅದು ಒಳಗೆ ಕೂರುವ ಬದಲು ಉಗುರಿನ ಕೆಳಗೆ ಕೂರುತ್ತೆ. ಎಂಟರಲ್ಲಿ ಒಂದು ಹಾರಿ, ಎತ್ತರಿಸಿದ ನೆಲದ ಹಲಗೆಗಳ ಸಂದಿಯಲ್ಲಿ ಟಿಣ್ ಅಂತ ಬಿತ್ತು. ಅಲ್ಲೇ ಇರಲಿ ಬಿಡಿ.

ರಾತ್ರಿ 1:30ಕ್ಕೆ ಅಜ್ಜನ ಬಟನ್ ಒತ್ತಿದೆ. ಎದ್ದ. ಡಿಸ್ಕ್‌ಗಳೆಲ್ಲ ಹಸಿರು. ಹುಡುಗ ಕೈ ಮುಗಿದ. ಆದರೆ ಅಜ್ಜನ ಪ್ರಕಾರ ಅಂದು 2014ರ ಜನವರಿ 1.

ಗಡಿಯಾರ ಉಳಿಸಿಕೊಳ್ಳುವ ಬ್ಯಾಟರಿ ಸತ್ತಿತ್ತು. ತಂತಿಯಲ್ಲಿ ಕರೆಂಟ್ ಇರೋವರೆಗೆ ಯಾರಿಗೂ ಅದರ ನೆನಪು ಬಂದಿರಲಿಲ್ಲ. ಬೇರೆ ಸರ್ವರ್‌ಗಳ ಜೊತೆ ಅಜ್ಜ ಮಾತಾಡಲು ಹೋದರೆ ಅವು ಗುರುತಿಗೆ ತೋರಿಸುವ, ತಾರೀಖು ಹಾಕಿದ ಸರ್ಟಿಫಿಕೇಟ್ ಯಾವುದನ್ನೂ ನಂಬುತ್ತಿಲ್ಲ. ನಂಬೋದು ಹೇಗೆ, ಅವನ ಲೆಕ್ಕದಲ್ಲಿ ಅವು ಇನ್ನೂ ಹುಟ್ಟೇ ಇಲ್ಲ. ಗಡಿಯಾರ ಸರಿಪಡಿಸೋಕೆ ಅಂತಲೇ ಒಂದು ಪ್ರೋಗ್ರಾಂ ಇದೆ, ಎನ್‌ಟಿಪಿಡಿ ಅಂತ. ಅದು ಎಂಥ ಮರ್ಯಾದಸ್ಥ ಅಂದರೆ, ಸಮಯ 1,000 ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ ಅಂತ ಎದ್ದು ಹೋಗಿಬಿಡುತ್ತೆ. ಕೈಯಿಂದಲೇ ದಿನಾಂಕ ಹಾಕಬಹುದಿತ್ತು. ಆದರೆ ಮುಂದೊಂದು ದಿನ ಕರೆಂಟ್ ಹೋದರೆ ಮತ್ತೆ ಇದೇ ಕಥೆ, ಹೇಗೂ ಮುಚ್ಚಳ ತೆಗೆಯೋ ಅವಕಾಶ ಸಿಕ್ಕಿದೆ, ಬ್ಯಾಟರಿ ಬದಲಾಯಿಸೋಣ ಅಂದೆ. ಬೇಕಾದದ್ದು ನಾಣ್ಯದಂಥ ಸಿಆರ್2032. 20 ಮಿಲಿಮೀಟರ್ ಅಗಲ, 3.2 ದಪ್ಪ, ಅದಕ್ಕೇ ಆ ಹೆಸರು. ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಅದೊಂದು ಬಿಟ್ಟು ಎಲ್ಲ ಇತ್ತು.

"ಸರ್, ನಿಮ್ಮ ಕಾರಿನ ರಿಮೋಟ್..." ಅಂದ ಹುಡುಗ.

ಉಗುರಿನಿಂದ ರಿಮೋಟ್ ಬಿಚ್ಚಿದೆ, ಇದ್ದದ್ದೂ ಅರ್ಧ ಉಗುರು. ಅದೇ ಬ್ಯಾಟರಿ.

ಅಜ್ಜ ವರ್ತಮಾನಕ್ಕೆ ಬಂದ. ಡೇಟಾಬೇಸ್ ಎದ್ದಿತು. ಬಿಲ್ಲಿಂಗ್ ಮಾತ್ರ ಪೇಮೆಂಟ್‌ನ ನೆಟ್‌ವರ್ಕ್ ಸಿಗ್ತಾ ಇಲ್ಲ ಅಂತ ಅಳುತ್ತಿತ್ತು. ಎರಡು ಗಂಟೆ ಹುಡುಕಿದೆವು. ತಂತಿ ಬದಲಾಯಿಸಿದೆವು, ಸ್ವಿಚ್ ಬೈದೆವು, ಕಟ್ಟಡದವರನ್ನು ಎಬ್ಬಿಸಿ ಅವರನ್ನೂ ಬೈದೆವು. ಸೆಟ್ಟಿಂಗ್ ಫೈಲಿನಲ್ಲಿದ್ದ ಪ್ರತಿ ಸಾಲನ್ನೂ ನೋಡಿದೆವು, ಎಲ್ಲ ಸರಿಯಿತ್ತು. ಕೊನೆಗೆ ಹುಡುಗ ಅಜ್ಜನ ಹಳೇ ಕಮಾಂಡುಗಳ ಪಟ್ಟಿ ತೆಗೆದ.

"ಸರ್, ಇಲ್ಲೊಂದು ರೂಟ್ ಇದೆ, ಪೇಮೆಂಟ್ ನೆಟ್‌ವರ್ಕಿಗೆ ಹೋಗೋ ದಾರಿ. ಯಾರೋ ಕೈಯಲ್ಲೇ ಟೈಪ್ ಮಾಡಿದ್ದಾರೆ. ಫೈಲಲ್ಲಿ ಬರೆದಿಲ್ಲ, ಅದಕ್ಕೆ ಆಫ್ ಆದ ತಕ್ಷಣ ಹೋಗಿದೆ."

"ಯಾವನವನು?" ಅಂದೆ, ನಿದ್ದೆಗೆಟ್ಟ ಸಿಟ್ಟಿನಲ್ಲಿ. "ಹೀಗೆ ಅರ್ಧ ಕೆಲಸ ಮಾಡಿ ಹೋಗೋರನ್ನ..."

ಹುಡುಗ ಸುಮ್ಮನಿದ್ದ. ಸ್ಕ್ರೀನ್ ನೋಡಿದ, ನೆಲ ನೋಡಿದ.

"ಮೂರು ವರ್ಷದ ಹಿಂದೆ ಸರ್. ರಾತ್ರಿ 2:40ಕ್ಕೆ. ಪಕ್ಕದಲ್ಲಿ 'ಸದ್ಯಕ್ಕೆ ಇರಲಿ, ನಾಳೆ ಸರಿ ಮಾಡೋಣ' ಅಂತ ಬರೆದಿದೆ."

"ಯಾರ ಲಾಗಿನ್ನು?"

ಲ್ಯಾಪ್‌ಟಾಪನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿದ. ಬೆಳೆಯುವ ಹುಡುಗ, ಬಾಯಿಬಿಟ್ಟು ಹೇಳಲಿಲ್ಲ.

ಇಷ್ಟಾದ ಮೇಲೆ ಡಿಎನ್‌ಎಸ್, ಅಂದರೆ ಹೆಸರು ಕೇಳಿದವರಿಗೆ ಸರ್ವರ್‌ನ ಐಪಿ ವಿಳಾಸ ಹೇಳುವ ವ್ಯವಸ್ಥೆ, ಅದರ ಕಥೆ ಹೇಳುವ ಉತ್ಸಾಹ ನನಗಿಲ್ಲ. ಅಜ್ಜನ ಹಳೇ ಐಪಿ ವಿಳಾಸ ಹಳೇ ಹಾಲ್‌ಗೆ ಸೇರಿದ್ದು, ಅದನ್ನು ಬಿಟ್ಟುಕೊಟ್ಟು ಹೊಸದು ತಗೋಬೇಕಿತ್ತು. ಹಳೇ ವಿಳಾಸವನ್ನು 86,400 ಸೆಕೆಂಡ್ ನೆನಪಿಟ್ಟುಕೊಳ್ಳಿ ಅಂತ ನಾವೇ ಊರಿಗೆಲ್ಲ ಹೇಳಿಟ್ಟಿದ್ದೆವು, ಅಂದರೆ ಪೂರ್ತಿ ಒಂದು ದಿನ. ಅದನ್ನು 300ಕ್ಕೆ ಇಳಿಸಬೇಕು ಅಂತ ನನಗೆ ಗೊತ್ತಿತ್ತು, ಇಳಿಸಿಯೂ ಇಳಿಸಿದೆ. ಶನಿವಾರ ರಾತ್ರಿ 10:30ಕ್ಕೆ. ಅರ್ಧ ಗಂಟೆ ಮುಂಚೆ! ಅಷ್ಟರೊಳಗೆ ಹಳೇ ವಿಳಾಸ ಕೇಳಿಕೊಂಡು ಹೋದವರೆಲ್ಲ ಭಾನುವಾರ ರಾತ್ರಿವರೆಗೂ ಖಾಲಿ ಮನೆಯ ಬಾಗಿಲು ತಟ್ಟುತ್ತಲೇ ಇದ್ದರು. "ಮೊಬೈಲಲ್ಲಿ ಬರ್ತಿದೆ, ಆಫೀಸಲ್ಲಿ ಬರ್ತಿಲ್ಲ, ಏನ್ರೀ ಇದು?" ಅಂತ ಒಬ್ಬರು ಆರು ಸಲ ಫೋನ್ ಮಾಡಿದರು. ಆರೂ ಸಲ ನಾನೇ ಎತ್ತಿದೆ, ಪ್ರಾಯಶ್ಚಿತ್ತ ಅಂದುಕೊಂಡು.

ಬೆಳಿಗ್ಗೆ ಏಳಕ್ಕೆ ಹೊರಗೆ ಬಂದು ಅಭ್ಯಾಸಬಲದಿಂದ ಕಾರಿನ ಕಡೆ ರಿಮೋಟ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಹತ್ತಿರ ಹೋಗಿ ಒತ್ತಿದೆ. ಆಮೇಲೆ ನೆನಪಾಯ್ತು.

ಗೋಡೆಯ ಮೇಲಿನ ಹಾಳೆ ಈಗ 41 ತೋರಿಸುತ್ತೆ. ರಿಮೋಟಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡೆ. ಅಂಗಡಿಯವರು ಹಾಕುವಾಗ, ಹಳೆಯದು ಯಾವಾಗ ಹಾಕಿಸಿದ್ದು ಅಂತ ಕೇಳಿದರು. ಲೆಕ್ಕ ಹಾಕಿದೆ, ಮೂರು ವರ್ಷದ ಮೇಲಾಗಿತ್ತು. ಕೊನೆಕೊನೆಗೆ ಎರಡೆರಡು ಸಲ ಒತ್ತಿದರೆ ಮಾತ್ರ ಕಾರು ತೆರೆಯುತ್ತಿತ್ತು ಅನ್ನೋದೂ ನೆನಪಾಯ್ತು. ಆ ಬ್ಯಾಟರಿ ಈಗ ಅಜ್ಜನ ಎದೆಯಲ್ಲಿದೆ. ಬದಲಾಯಿಸಬೇಕು ಅಂದರೆ ಅವನನ್ನು ಆಫ್ ಮಾಡಬೇಕು.

"ಯಾವಾಗ ಮಾಡೋಣ ಸರ್?" ಅಂತ ಹುಡುಗ ನಿನ್ನೆ ಕೇಳಿದ.

"ಸದ್ಯಕ್ಕೆ ಇರಲಿ" ಅಂದೆ.