ಅವರದಲ್ಲ ಅಪ್ಪಾ ಇದು

ಭಾನುವಾರ ಬೆಳಿಗ್ಗೆ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದೆ. ಮಗಳ ಫೋನಿನಲ್ಲಿ ಹಾಡೊಂದು ಶುರುವಾಯಿತು. ಜಣಜಣ ಗಿಟಾರು, ಜಾನ್ ಲೆನನ್‌ನ ಅದೇ ಒರಟು ಗಂಟಲು, ಹಿಂದಿನಿಂದ ಉಳಿದವರ ಕೂಗು. ತಲೆ ಎತ್ತದೆಯೇ ‘ಬೀಟಲ್ಸ್’ ಎಂದೆ, ಲೆನನ್ ಇದ್ದ ಆ ಇಂಗ್ಲಿಷ್ ತಂಡ. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರುವ ವಿಷಯ ಇದೊಂದೇ.

‘ಅವರದಲ್ಲ ಅಪ್ಪಾ ಇದು. ನಿಕರ್‌ಬಾಕರ್ಸ್ ಅಂತೆ.’

ಕೈಯಲ್ಲಿದ್ದ ಬೇಳೆ ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಯಿತು. ಇಷ್ಟು ವರ್ಷ ಬೀಟಲ್ಸ್ ಕೇಳಿ ಕೊನೆಗೆ ನಿಕ್ಕರಿನವರ ಕೈಯಲ್ಲಿ ಮೋಸಹೋದೆನಲ್ಲ! 1965ರಲ್ಲಿ ನ್ಯೂಜೆರ್ಸಿಯ ಹುಡುಗರು ಮಾಡಿದ ಹಾಡು. ಹೆಸರು ‘ಲೈಸ್’. ಅಂದರೆ ಸುಳ್ಳುಗಳು. ಪಾಪ, ಅವರು ಮೊದಲೇ ಹೇಳಿದ್ದಾರೆ.

ಹೋದ ಮಾನ ವಾಪಸು ತರೋಣ ಅಂತ ಕ್ಲಾಟೂ ಅನ್ನುವ ತಂಡದ ಕತೆ ತೆಗೆದೆ. 1976ರಲ್ಲಿ ಕೆನಡಾದಿಂದ ಒಂದು ರೆಕಾರ್ಡ್ ಬಂತು. ಕವರಿನ ಮೇಲೆ ದೊಡ್ಡ ಸೂರ್ಯ. ಹಾಡಿದವರ ಫೋಟೊ ಇಲ್ಲ, ಹೆಸರೂ ಇಲ್ಲ. ಅಮೆರಿಕದಲ್ಲಿ ಅದನ್ನು ತಂದಿದ್ದು ಬೀಟಲ್ಸ್ ಹಾಡುಗಳನ್ನು ಮಾರುತ್ತಿದ್ದ ಕ್ಯಾಪಿಟಲ್ ಕಂಪನಿಯೇ. ಬೀಟಲ್ಸ್ ಒಡೆದುಹೋಗಿ ಆರೇಳು ವರ್ಷ, ಜನ ಕಾದು ಕಾದು ಸೊರಗಿದ್ದರು. 1977ರ ಫೆಬ್ರವರಿಯಲ್ಲಿ ರೋಡ್ ಐಲೆಂಡಿನ ಒಂದು ಪತ್ರಿಕೆ ‘ಇವರೇ ಅವರಿರಬಹುದಾ?’ ಎಂದು ಕೇಳಿದ್ದೇ ತಡ, ಎಲ್ಲರೂ ಪತ್ತೇದಾರರಾದರು. ಹಾಡನ್ನು ಉಲ್ಟಾ ತಿರುಗಿಸಿ ಕೇಳಿದರು. ಕ್ಲಾಟೂ ಅನ್ನುವುದು 1951ರ ಸಿನಿಮಾ ಒಂದರಲ್ಲಿ ಬೇರೆ ಗ್ರಹದಿಂದ ಬಂದವನ ಹೆಸರು. 1974ರಲ್ಲಿ ಬೀಟಲ್ಸ್‌ನಲ್ಲಿ ಡ್ರಮ್ ಬಾರಿಸುತ್ತಿದ್ದ ರಿಂಗೋ ಸ್ಟಾರ್ ತನ್ನ ಆಲ್ಬಮ್ಮಿನ ಕವರಿನಲ್ಲಿ ಅದೇ ಕ್ಲಾಟೂ ಆಗಿ ನಿಂತಿದ್ದ. ಇನ್ನೇನು ಬೇಕು, ಅಲ್ವಾ? ರೆಕಾರ್ಡುಗಳು ಬಿಸಿ ದೋಸೆಯ ಹಾಗೆ ಖರ್ಚಾದವು.

ಕೊನೆಗೆ ವಾಷಿಂಗ್ಟನ್ನಿನ ರೇಡಿಯೊದವರೊಬ್ಬರು ಸುಮ್ನೆ ಕಾಪಿರೈಟ್ ಆಫೀಸಿನ ದಾಖಲೆ ತೆಗೆಸಿ ನೋಡಿದರು. ವೊಲೊಶುಕ್, ಲಾಂಗ್, ಡ್ರೇಪರ್. ಒಬ್ಬ ಜಾನ್ ಇದ್ದ, ನಿಜ. ಜಾನ್ ವೊಲೊಶುಕ್.

ಆಮೇಲೆ ಜನ ಅವರನ್ನೇ ಬೈದರು. ನಾವು ಬೀಟಲ್ಸ್ ಅಂತ ಆ ಮೂವರು ಎಲ್ಲೂ ಹೇಳಿರಲಿಲ್ಲ. ನಿನ್ನೆ ಸೊರ್ ಅಂತ ಕುಡಿದ ಸಾರು, ಮಾಡಿದವರು ಯಾರು ಅಂತ ಗೊತ್ತಾದ ತಕ್ಷಣ ಹಳಸಿಹೋಯಿತೇ? ಯಾವ ಹಾಡು ಹಾಕಿದರೂ ‘ಇದು ಅವರ ಥರಾನೇ ಇದೆ’ ಅಂತ ಮೂಗು ಮುರಿಯುವ ಜನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿವಿ ಇರುವುದು ಕೇಳುವುದಕ್ಕೋ, ಪಂಚನಾಮೆ ಮಾಡುವುದಕ್ಕೋ? ಬೇಳೆಯ ಬೋಗುಣಿ ಪಕ್ಕಕ್ಕಿಟ್ಟು ಈ ಮಾತನ್ನು ಸ್ವಲ್ಪ ಜಾಸ್ತಿ ಜೋರಾಗಿಯೇ ಹೇಳಿದೆ.

‘ಹಾಗಾದ್ರೆ ಅವರ ಹಾಡು ಚೆನ್ನಾಗಿದೆಯಾ ಅಪ್ಪಾ?’

ಕ್ಲಾಟೂ ಹಾಡುಗಳಲ್ಲಿ ನಾನು ಕೇಳಿರುವುದು ಒಂದೇ. ಅದೂ ಕಾರ್ಪೆಂಟರ್ಸ್ ಅನ್ನುವ ಬೇರೆ ತಂಡದವರು ಹಾಡಿದ್ದು.

‘ಅದಿರಲಿ,’ ಎಂದೆ, ‘ಆ ಪೊರಕೆ ಕೊಡು. ಫ್ರಿಜ್ಜಿನ ಅಡಿ ಒಂದು ಬೇಳೆ ಹೋಗಿದೆ.’