ಸೇವ್ ಒತ್ತಿದ್ದೆ, ಆದರೆ ಎಲ್ಲಿಗೆ?

ಮೂರು ಗಂಟೆ ಕೂತು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಒಂದೊಂದೇ ಕಟ್ಟಡದ ಅಂಚು (ಪಾಲಿಗನ್) ಎಳೆದಿದ್ದೆ. ಹತ್ತು ಪಾಲಿಗನ್‌ಗೊಮ್ಮೆ ಸೇವ್ ಒತ್ತೋದು ನನ್ನ ಚಟ, ಅವತ್ತೂ ಒತ್ತಿದ್ದೆ. ಪ್ರಾಜೆಕ್ಟನ್ನೂ ಸೇವ್ ಮಾಡಿದ್ದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಮತ್ತೆ ತೆರೆದಾಗ ಲೇಯರ್, ಅಂದರೆ ನಕ್ಷೆಯ ಮೇಲೆ ನಾನು ಬಿಡಿಸುತ್ತಿದ್ದ ಪದರ, ಅಲ್ಲೇ ಇತ್ತು. ನಾನಿಟ್ಟ ಹೆಸರು, ನಾನು ಹಚ್ಚಿದ ಬಣ್ಣ, ಕಟ್ಟಡಕ್ಕೊಂದು ಸಾಲು ಇರುವ ಆಟ್ರಿಬ್ಯೂಟ್ ಟೇಬಲ್‌ನಲ್ಲಿ ನಾನೇ ಮಾಡಿದ ಕಾಲಂಗಳು, ಎಲ್ಲ ಇದ್ದವು. ಸಾಲುಗಳು ಮಾತ್ರ ಸೊನ್ನೆ.

ಅದು ತಾತ್ಕಾಲಿಕ (ಸ್ಕ್ರ್ಯಾಚ್) ಲೇಯರ್ ಅನ್ನೋದನ್ನು ಮರೆತಿದ್ದೆ. ತಪ್ಪು ನನ್ನದೇ, ವಾದ ಇಲ್ಲ. ಆದರೆ ಅಷ್ಟು ಸಲ ಸೇವ್ ಒತ್ತಿದವನಿಗೆ ಹೀಗಾಗೋದು ಹೇಗೆ ಅಂತ ಯೋಚಿಸಿದರೆ ವಿಷಯ ಬೇರೆಯೇ ಇದೆ. ಮ್ಯಾಪಿಂಗ್ ತಂತ್ರಾಂಶದಲ್ಲಿ ‘ಸೇವ್’ ಅನ್ನೋದು ಒಂದಲ್ಲ. ಲೇಯರ್ ಎಡಿಟ್‌ಗಳನ್ನು ಸೇವ್ ಮಾಡಿದರೆ ಅವು ಆ ಲೇಯರ್ ಇರುವ ಜಾಗಕ್ಕೆ ಹೋಗುತ್ತವೆ. ಸ್ಕ್ರ್ಯಾಚ್ ಲೇಯರ್ ಇರೋದೇ ಕಂಪ್ಯೂಟರ್ ಆರಿದರೆ ಖಾಲಿಯಾಗುವ ರ‍್ಯಾಮ್‌ನಲ್ಲಿ, ಹಾಗಾಗಿ ನನ್ನ ಕಟ್ಟಡಗಳೆಲ್ಲ ಶ್ರದ್ಧೆಯಿಂದ ರ‍್ಯಾಮ್‌ಗೇ ಸೇವ್ ಆಗಿದ್ದವು. ಪ್ರಾಜೆಕ್ಟ್ ಸೇವ್ ಮಾಡಿದರೆ ಉಳಿಯೋದು ಯಾವ ಲೇಯರ್ ಎಲ್ಲಿದೆ, ಯಾವ ಬಣ್ಣ, ಯಾವ ಕ್ರಮ ಅನ್ನುವ ವಿವರ. ಡೇಟಾ ಅದರೊಳಗೆ ಹೋಗೋದಿಲ್ಲ. ಎರಡು ಸಲ ಸೇವ್ ಮಾಡಿದ ನೆಮ್ಮದಿ ಸಿಕ್ಕಿತು, ಡಿಸ್ಕ್‌ಗೆ ಒಂದು ಬಿಂದುವೂ ಹೋಗಲಿಲ್ಲ.

ಕ್ಯೂಜಿಐಎಸ್ ಬಳಸುವವರು ಲೇಯರ್ ಹೆಸರಿನ ಪಕ್ಕ ಬರುವ ಪುಟ್ಟ ಚಿಪ್ ಐಕಾನ್ ನೋಡಿರುತ್ತೀರಿ. ಇದು ತಾತ್ಕಾಲಿಕ ಅಂತ ಅದರ ಅರ್ಥ. ಅದನ್ನೇ ಒತ್ತಿದರೆ ಶಾಶ್ವತ ಫೈಲ್ ಮಾಡುವ ಕಿಟಕಿ ತೆರೆಯುತ್ತದೆ. ಒಳ್ಳೆಯ ಯೋಚನೆ: ಎಚ್ಚರಿಕೆ ಎಲ್ಲಿದೆಯೋ ಪರಿಹಾರವೂ ಅಲ್ಲೇ. ಎಡಿಟ್‌ಗಳು ಬಾಕಿ ಇದ್ದರೆ ಅದೇ ಸಾಲಿನ ಪೆನ್ಸಿಲ್ ಐಕಾನ್ ಕೆಂಪಾಗುತ್ತದೆ, ಅದೂ ಸರಿ. ಆದರೆ ಈ ಎರಡನ್ನು ಜೊತೆಗಿಟ್ಟು ನೋಡಿ. ಸೇವ್ ಒತ್ತಿದ ತಕ್ಷಣ ಪೆನ್ಸಿಲ್‌ನ ಕೆಂಪು ಹೋಗುತ್ತದೆ. ಕೆಂಪು ಹೋಯಿತು ಅಂದರೆ ಅಪಾಯ ಹೋಯಿತು ಅಂತಲೇ ಕಣ್ಣು ಓದಿಕೊಳ್ಳೋದು. ಪಕ್ಕದ ಬೂದು ಚಿಪ್ಪನ್ನು ಆಮೇಲೆ ಯಾರು ನೋಡುತ್ತಾರೆ?

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಬಫರ್ (ಸುತ್ತ ಇಷ್ಟು ದೂರದ ಪಟ್ಟಿ ಎಳೆಯೋದು), ಕ್ಲಿಪ್ (ಗಡಿಯಾಚೆಯದನ್ನು ಕತ್ತರಿಸೋದು), ಡಿಸಾಲ್ವ್ (ಆಕಾರಗಳನ್ನು ಒಂದಾಗಿಸೋದು) ಅಂತ ಒಂದರ ಮೇಲೊಂದು ಟೂಲ್ ಓಡಿಸಿದರೆ ಫಲಿತಾಂಶ ಡೀಫಾಲ್ಟ್ ಆಗಿ ತಾತ್ಕಾಲಿಕ ಲೇಯರ್‌ಗೇ ಬರುತ್ತದೆ. ಅರ್ಧ ದಿನದಲ್ಲಿ ಪ್ಯಾನೆಲ್ ತುಂಬ ‘ಬಫರ್ಡ್’, ‘ಕ್ಲಿಪ್ಡ್’, ಮತ್ತೆ ‘ಬಫರ್ಡ್’, ಎಲ್ಲದರ ಪಕ್ಕದಲ್ಲೂ ಅದೇ ಚಿಪ್. ಬಫರ್ ಹೋದರೆ ಹತ್ತು ಸೆಕೆಂಡಿನಲ್ಲಿ ಮತ್ತೆ ಮಾಡಬಹುದು, ಪ್ರೋಸೆಸಿಂಗ್ ಹಿಸ್ಟರಿಯಲ್ಲಿ ಲೆಕ್ಕ ಸಮೇತ ದಾಖಲಾಗಿರುತ್ತದೆ. ಕೈಯಲ್ಲಿ ಎಳೆದ ಗೆರೆಗೆ ಹಿಸ್ಟರಿ ಎಲ್ಲಿಂದ ಬರಬೇಕು? ಎರಡಕ್ಕೂ ಒಂದೇ ಗುರುತು ಹಾಕಿರೋದೇ ನನ್ನ ತಕರಾರು. ಲೇಯರ್ ತಾತ್ಕಾಲಿಕವೋ ಅಲ್ಲವೋ ಅನ್ನೋದಕ್ಕಿಂತ, ಕಳೆದರೆ ಮತ್ತೆ ಹುಟ್ಟುತ್ತದೋ ಇಲ್ಲವೋ ಅನ್ನೋದು ನನಗೆ ತಿಳಿಯಬೇಕು. ತಂತ್ರಾಂಶಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಯಾವುದು ಟೂಲ್‌ನಿಂದ ಬಂತು, ಯಾವುದರಲ್ಲಿ ನಾನು ಕೈಯಾಡಿಸಿದೆ ಅನ್ನೋದು ಅದರ ಕಣ್ಣೆದುರೇ ನಡೆದದ್ದು.

ಮುಚ್ಚುವಾಗ ಎಚ್ಚರಿಕೆ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ. ತಾತ್ಕಾಲಿಕ ಲೇಯರ್‌ಗಳಿವೆ, ಒಳಗಿರೋದು ಹೋಗುತ್ತದೆ, ಮುಂದುವರಿಯಲೇ ಅಂತ ಕೇಳುತ್ತದೆ. ಯಾವ ಲೇಯರ್ ಅಂತ ನನಗಂತೂ ಅದರಲ್ಲಿ ಯಾವತ್ತೂ ಕಂಡಿಲ್ಲ. ದಿನಾ ಸಂಜೆ ಹನ್ನೆರಡು ಕಸದ ಬಫರ್‌ಗಳಿಗೆ ‘ಹೌದು’ ಒತ್ತಿ ಅಭ್ಯಾಸವಾದ ಬೆರಳು ಹದಿಮೂರನೆಯದಕ್ಕೂ ‘ಹೌದು’ ಒತ್ತುತ್ತದೆ. ಇನ್ನು ಕರೆಂಟ್ ಹೋದರೆ, ತಂತ್ರಾಂಶ ಕ್ರ್ಯಾಶ್ ಆದರೆ, ಆ ಪ್ರಶ್ನೆ ಕೇಳೋದಕ್ಕೂ ಯಾರೂ ಇರೋದಿಲ್ಲ.

ಗೂಗಲ್ ಅರ್ಥ್ ಡೆಸ್ಕ್‌ಟಾಪ್‌ನಲ್ಲಿ ‘ಟೆಂಪರರಿ ಪ್ಲೇಸಸ್’ ಅಂತ ಬೇರೆ ಫೋಲ್ಡರ್ರೇ ಇದೆ. ಆ ಜಾಗ ನೋಡಿದರೇ ಸಾಕು, ಐಕಾನ್ ಬೇಡ. ನನಗೆ ಬಹಳ ಇಷ್ಟ. ಆದರೆ ಜಿಐಎಸ್‌ನಲ್ಲಿ (ಕ್ಯೂಜಿಐಎಸ್‌ನಂಥ ನಕ್ಷೆ ತಂತ್ರಾಂಶದಲ್ಲಿ) ಲೇಯರ್‌ಗಳ ಕ್ರಮವೇ ನಕ್ಷೆ ಬಿಡಿಸುವ ಕ್ರಮ. ತಾತ್ಕಾಲಿಕದ್ದನ್ನೆಲ್ಲ ಒಂದು ಗುಂಪಿಗೆ ತಳ್ಳಿದರೆ ಕಟ್ಟಡ ರಸ್ತೆಯ ಕೆಳಗೆ ಹೋಗಿ ಕೂರುತ್ತದೆ. ಹಾಗಾಗಿ ಗುರುತು ಆ ಸಾಲಿನಲ್ಲೇ ಇರಬೇಕು. ಓರೆ ಅಕ್ಷರ ಮಾಡಬಹುದಿತ್ತು, ಅದನ್ನು ಬೇರೆ ಕೆಲಸಕ್ಕೆ ಆಗಲೇ ಕೊಟ್ಟಾಗಿದೆ. ಕೈಯಿಂದ ಎಡಿಟ್ ಮಾಡಿದ ತಾತ್ಕಾಲಿಕ ಲೇಯರ್‌ಗೆ ಇಡೀ ಸಾಲಿನ ಹಿನ್ನೆಲೆಯೇ ಬಣ್ಣ ಬದಲಿಸಲಿ, ಉಳಿದವಕ್ಕೆ ಈಗಿನ ಚಿಪ್ ಸಾಕು.

ಎಲ್ಲವನ್ನೂ ಮೊದಲೇ ಫೈಲ್ ಮಾಡಿಬಿಡಲಿ ಅನ್ನುವವರ ಮಾತು ನಾನು ಒಪ್ಪಲ್ಲ. ಆರ್ಕ್‌ಜಿಐಎಸ್ ಪ್ರೊ ಅನ್ನುವ ಇನ್ನೊಂದು ನಕ್ಷೆ ತಂತ್ರಾಂಶ ಫಲಿತಾಂಶಗಳನ್ನು ಡಿಸ್ಕ್‌ನಲ್ಲಿರುವ ಪ್ರಾಜೆಕ್ಟಿನ ಜಿಯೋಡೇಟಾಬೇಸ್‌ಗೇ ಬರೆಯುತ್ತದೆ, ಆರು ತಿಂಗಳ ಮೇಲೆ ಅದನ್ನು ತೆರೆದು ನೋಡಿ, ಯಾವ ಬಫರ್ ಯಾವುದಕ್ಕೆ ಅಂತ ದೇವರಿಗೇ ಗೊತ್ತು. ಕರಡು ಹಾಳೆ ಬೇಕು. ಅದು ಕರಡು ಅಂತ ಕಾಣಬೇಕು, ಅಷ್ಟೇ.

ನಾನೀಗ ಕೈಯಿಂದ ಬಿಡಿಸುವ ಕೆಲಸವನ್ನು ನೇರ ಜಿಯೋಪ್ಯಾಕೇಜ್ ಅನ್ನುವ ಡಿಸ್ಕ್ ಫೈಲ್‌ನಲ್ಲೇ ಶುರು ಮಾಡುತ್ತೇನೆ. ‘ಮೆಮೊರಿ ಲೇಯರ್ ಸೇವರ್’ ಪ್ಲಗಿನ್ನೂ ಹಾಕಿಕೊಂಡಿದ್ದೇನೆ, ಪ್ರಾಜೆಕ್ಟ್ ಸೇವ್ ಮಾಡಿದಾಗ ಅದು ತಾತ್ಕಾಲಿಕ ಲೇಯರ್‌ಗಳನ್ನೂ ಪಕ್ಕದಲ್ಲಿ ಒಂದು ಫೈಲಿಗೆ ಬರೆದಿಡುತ್ತದೆ. ಇದನ್ನು ಬರೆಯುವಾಗ ತೆರೆದಿದ್ದ ಪ್ರಾಜೆಕ್ಟ್ ನೋಡಿದೆ. ಒಂಬತ್ತು ಚಿಪ್. ಅದರಲ್ಲಿ ಎರಡರಲ್ಲಿ ನನ್ನ ಕೈಕೆಲಸ ಇತ್ತು. ಯಾವ ಎರಡು ಅಂತ ತಿಳಿಯೋದಕ್ಕೆ ಒಂಬತ್ತು ಟೇಬಲ್ಲೂ ತೆರೆಯಬೇಕಾಯಿತು.